ದುಡಿಮೆಯ ಗಂಟೆಗಳೂ ಮನೆಯ ಸಂಜೆಯೂ

2025ರ ತಪಸ್ಸುಕಾಲದ ಒಂದು ಭಾನುವಾರ ಬಲಿಪೂಜೆಯ ಪ್ರಬೋಧನೆಯಲ್ಲಿ ನಾನು ತುಸು ಕಠಿಣವಾಗಿಯೇ ಮಾತನಾಡಿದ್ದೆ. ಧರ್ಮೋಪದೇಶ ತರಗತಿಯ ಮಕ್ಕಳ ಹೆತ್ತವರ ಸಭೆಯನ್ನು ತಿಂಗಳಿಗೊಮ್ಮೆ ಬುಧವಾರ ಸಂಜೆ ಆರೂವರೆಗೆ ಕರೆಯುವುದು ನಮ್ಮ ಧರ್ಮಕೇಂದ್ರದಲ್ಲಿ ಹಿಂದಿನ ಗುರುಗಳ ಕಾಲದಿಂದಲೂ ನಡೆದು ಬಂದ ರೂಢಿ. ಆ ತಿಂಗಳು ಬಂದವರನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದಿತ್ತು. ಹೆತ್ತ ಮಕ್ಕಳಿಗಾಗಿ ಒಂದು ಗಂಟೆ ತೆಗೆದಿಡಲಾರದವರು ಆ ಮಕ್ಕಳಿಂದ ಮುಂದೆ ಏನನ್ನು ನಿರೀಕ್ಷಿಸಬಲ್ಲರು ಎಂದು ಪೀಠದಿಂದಲೇ ಕೇಳಿಬಿಟ್ಟೆ. ಪೂಜೆ ಮುಗಿದು ಸಕ್ರಿಸ್ತಿಯಲ್ಲಿ ಪೂಜಾವಸ್ತ್ರ ಕಳಚುತ್ತಿದ್ದಾಗ ಮೂವತ್ತರ ಆಸುಪಾಸಿನ ತಾಯಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಜಗಳಕ್ಕೆ ಬಂದವಳಲ್ಲ. ತಾನು ದುಡಿಯುವ ಸಂಸ್ಥೆಯಲ್ಲಿ ಈಗ ವಾರಕ್ಕೆ ನಾಲ್ಕೇ ದಿನ ಕೆಲಸ, ಆದರೆ ದಿನಕ್ಕೆ ಹನ್ನೆರಡು ಗಂಟೆ, ಬುಧವಾರ ತನ್ನ ಕೆಲಸದ ದಿನ, ಮನೆ ಸೇರುವಾಗ ರಾತ್ರಿ ಎಂಟೂಮುಕ್ಕಾಲು ಎಂದಷ್ಟೇ ತಿಳಿಸಿದಳು. ನಾನು, "ಹಾಗಾದರೆ ವಾರಕ್ಕೆ ಮೂರು ದಿನ ರಜೆ! ನಿನ್ನಷ್ಟು ಪುಣ್ಯವಂತರು ಯಾರು?" ಎಂದೆ. ಅವಳು ನಕ್ಕು, ಕೈಮುಗಿದು ಹೊರಟುಹೋದಳು.

ಆ ನಗುವಿನ ಅರ್ಥ ನನಗೆ ತಿಳಿಯಲು ಏಳು ತಿಂಗಳು ಹಿಡಿಯಿತು. ತಿಳಿದದ್ದನ್ನು ಓದುಗ ಬಾಂಧವರೊಡನೆ ಹಂಚಿಕೊಳ್ಳುವ ಉದ್ದೇಶದಿಂದ ಈ ಬರಹ. ಮಡದಿ ಮಕ್ಕಳಿಲ್ಲದ ಗುರುವೊಬ್ಬನು ಎಳೆಯ ಮಕ್ಕಳ ಪಾಲನೆಯ ಬಗ್ಗೆ ಬರೆಯಲು ಹೊರಟರೆ ತಾಯಂದಿರು ನಗುವರೆಂಬುದನ್ನು ಬಲ್ಲೆ. ನಗುವ ಹಕ್ಕು ಅವರಿಗಿದೆ.

ಮೊದಲು ಈ ಪದ್ಧತಿಯ ಸ್ವರೂಪವನ್ನು ಅರಿಯೋಣ. ಪೂರ್ಣಾವಧಿ ಕೆಲಸದ ಗಂಟೆಗಳನ್ನು ಒಂದನ್ನೂ ಬಿಡದೆ, ಕಡಿಮೆ ದಿನಗಳೊಳಗೆ ತುಂಬುವುದನ್ನು ಪಾಶ್ಚಾತ್ಯ ದೇಶಗಳಲ್ಲಿ ಕಂಪ್ರೆಸ್ಡ್ ಅವರ್ಸ್ ಎನ್ನುತ್ತಾರೆ. ನಾವು ಅಡಕ ದುಡಿಮೆ ಎನ್ನಬಹುದು. ವಾರಕ್ಕೆ 37.5 ಗಂಟೆ ದುಡಿಯುವವನು ಐದು ದಿನಗಳಲ್ಲಾದರೆ ದಿನಕ್ಕೆ ಏಳೂವರೆ ಗಂಟೆ ಕೆಲಸ ಮಾಡುತ್ತಾನೆ. ಅದನ್ನೇ ನಾಲ್ಕು ದಿನಕ್ಕೆ ಅಡಕಗೊಳಿಸಿದರೆ ದಿನಕ್ಕೆ 9 ಗಂಟೆ 22 ನಿಮಿಷಕ್ಕಿಂತ ತುಸು ಹೆಚ್ಚಾಗುತ್ತದೆ. ಎರಡು ವಾರಗಳ ಹತ್ತು ದಿನಗಳ ಕೆಲಸವನ್ನು ಒಂಬತ್ತು ದಿನಗಳಲ್ಲಿ ಮುಗಿಸುವ ಮಧ್ಯಮ ಮಾರ್ಗವೂ ಉಂಟು. ಅಲ್ಲಿ ದಿನಕ್ಕೆ 8 ಗಂಟೆ 20 ನಿಮಿಷ. ಪತ್ರಿಕೆಗಳಲ್ಲಿ "ನಾಲ್ಕು ದಿನಗಳ ವಾರ" ಎಂಬ ಶೀರ್ಷಿಕೆ ಕಂಡಾಗ ಎರಡು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೆಂದು ಭಾವಿಸುತ್ತೇವೆ. 2022ರಲ್ಲಿ ಬ್ರಿಟನ್ನಿನ 61 ಸಂಸ್ಥೆಗಳು ಆರು ತಿಂಗಳ ಕಾಲ ನಡೆಸಿದ ಪ್ರಯೋಗವು ಸಂಬಳ ಕಡಿತವಿಲ್ಲದೆ ಗಂಟೆಗಳನ್ನೇ ಕಡಿಮೆ ಮಾಡುವುದಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ ಬೆಲ್ಜಿಯಂನಲ್ಲಿ ಜಾರಿಗೆ ಬಂದ ಕಾನೂನು ಪೂರ್ಣ ವಾರದ ಗಂಟೆಗಳನ್ನು ನಾಲ್ಕು ದಿನಗಳಲ್ಲಿ ದುಡಿಯಲು ಅನುಮತಿ ಕೇಳುವ ಹಕ್ಕನ್ನು ನೌಕರರಿಗೆ ನೀಡಿತು. ಮೊದಲನೆಯದರಲ್ಲಿ ಹೊರೆ ಇಳಿಯುತ್ತದೆ. ಎರಡನೆಯದರಲ್ಲಿ ಹೊರೆ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹೋಗುತ್ತದೆ, ಅಷ್ಟೆ.

ನಾನು ಬೆಳೆದ ಮನೆಯಲ್ಲಿ ಇದಕ್ಕೆ ತದ್ವಿರುದ್ಧವಾದ ದುಡಿಮೆಯಿತ್ತು. ತಂದೆ ಹೆಂಚಿನ ಕಾರ್ಖಾನೆಯ ಕೂಲಿಯಾಳು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮವು ಆ ವೇಳೆಗೆ ನೇತ್ರಾವತಿ, ಗುರುಪುರ ನದಿಗಳ ದಡದುದ್ದಕ್ಕೂ ಹಬ್ಬಿತ್ತು. ಕಾರ್ಖಾನೆಯ ಕೂಗು ಕೇಳಿ ಊರಿನವರು ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರು. ತಂದೆಯ ದಿನಕ್ಕೆ ಆದಿಯೂ ಅಂತ್ಯವೂ ಇತ್ತು. ತಾಯಿಯ ದಿನಕ್ಕೆ ಎರಡೂ ಇರಲಿಲ್ಲ. ಅವರು ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಕತ್ತರಿಸಿದ ಎಲೆ ಮತ್ತು ಹೊಗೆಸೊಪ್ಪು, ಪಕ್ಕದಲ್ಲಿ ತೊಟ್ಟಿಲು. ಗಂಜಿಗೆ ನೀರಿಟ್ಟು ನೂರು ಬೀಡಿ, ತಂಗಿಗೆ ಹಾಲು ಕುಡಿಸಿ ಮತ್ತೆ ನೂರು, ನಮಗೆ ಮಗ್ಗಿ ಹೇಳಿಸುತ್ತಾ ಇನ್ನಷ್ಟು. ರಾತ್ರಿ ಚಿಮಿಣಿ ದೀಪದಡಿಯಲ್ಲಿ ಸಾವಿರ ತುಂಬಿಸಬೇಕು, ಏಕೆಂದರೆ ಕೂಲಿಯ ಲೆಕ್ಕ ಸಾವಿರಕ್ಕೆ. ಆ ದುಡಿಮೆಯನ್ನು ಹೊಗಳುವ ಮಾತು ನನ್ನಿಂದ ಬಾರದು. ಅದರ ಧೂಳಿನಿಂದ ತಾಯಿಗೆ ಹತ್ತಿದ ಕೆಮ್ಮು ಕೊನೆಯವರೆಗೂ ಬಿಡಲಿಲ್ಲ. ಆದರೆ ಅವರ ದಿನವು ಚೂರು ಚೂರಾಗಿ ಹಂಚಿಹೋಗಿದ್ದುದರಿಂದ ನಾವು ಕರೆದಾಗಲೆಲ್ಲ ಓಗೊಡುವ ಒಂದು ದನಿ ಮನೆಯಲ್ಲಿತ್ತು. ಅದಕ್ಕೆ ಅವರು ತೆತ್ತ ಬೆಲೆಯೆಂದರೆ ಒಂದು ದಿನವೂ ಪೂರ್ಣವಾಗಿ ಅವರದಾಗಲಿಲ್ಲ.

ಇಂದು ನಮ್ಮ ಕರಾವಳಿಯ ಹೆಣ್ಣುಮಕ್ಕಳು ಬೀಡಿಯ ಗೆರಸೆಯನ್ನು ಕೆಳಗಿಟ್ಟು ನರ್ಸಿಂಗ್ ಕಲಿತು ಸಮುದ್ರ ದಾಟಿದ್ದಾರೆ. ಬ್ರಿಟನ್, ಐರ್ಲೆಂಡುಗಳ ಆಸ್ಪತ್ರೆಗಳಲ್ಲಿ ನಮ್ಮವರಿಲ್ಲದ ಊರು ಕಡಿಮೆ. 2025ರ ಅಕ್ಟೋಬರಿನಲ್ಲಿ, ನಮ್ಮ ಧರ್ಮಕೇಂದ್ರದಿಂದ ಹೋಗಿ ಇಂಗ್ಲೆಂಡಿನ ಮಧ್ಯಭಾಗದ ನಗರವೊಂದರಲ್ಲಿ ನೆಲೆಸಿದ ದಂಪತಿಗಳ ಮನೆಯಲ್ಲಿ ಹದಿನೈದು ದಿನ ಉಳಿಯುವ ಅವಕಾಶ ನನಗೆ ಒದಗಿತು. ಪತ್ನಿ ಸರಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್, ಪತಿ ಉಗ್ರಾಣವೊಂದರ ಲೆಕ್ಕಪತ್ರ ವಿಭಾಗದಲ್ಲಿ ನೌಕರ. ಆರು ವರ್ಷದ ಮಗಳು, ಎರಡು ತುಂಬಿದ ಮಗ. ಅಡುಗೆಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಒಂದು ದೊಡ್ಡ ಕ್ಯಾಲೆಂಡರ್. ತಾಯಿಯ ದಿನಗಳಿಗೆ ಕೆಂಪು ಗುರುತು, ತಂದೆಯವಕ್ಕೆ ನೀಲಿ. ಸಂತರ ಹಬ್ಬಗಳನ್ನು ಹುಡುಕಲು ಕಣ್ಣು ಹಾಯಿಸಿದ ನನಗೆ ಅಲ್ಲಿ ಕಂಡದ್ದು ಒಂದು ಯುದ್ಧದ ನಕ್ಷೆ.

ಅಲ್ಲಿನ ನರ್ಸುಗಳು ಅದನ್ನು "ಲಾಂಗ್ ಡೇ" ಎನ್ನುತ್ತಾರೆ. ಬೆಳಗ್ಗೆ ಏಳೂವರೆಯಿಂದ ರಾತ್ರಿ ಎಂಟರವರೆಗೆ ಹನ್ನೆರಡೂವರೆ ಗಂಟೆ. ನಡುವಿನ ಒಂದು ಗಂಟೆಯ ವಿರಾಮಕ್ಕೆ ಸಂಬಳವಿಲ್ಲ. ಉಳಿದ ಹನ್ನೊಂದೂವರೆ ಗಂಟೆಗಳಂತೆ ನಾಲ್ಕು ವಾರಕ್ಕೆ ಹದಿಮೂರು ದಿನ ದುಡಿದರೆ ಪೂರ್ಣಾವಧಿಯ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಅಂದರೆ ಮೂರು ವಾರ ಮೂರು ಮೂರು ದಿನ, ನಾಲ್ಕನೆಯ ವಾರ ನಾಲ್ಕು ದಿನ. ಊರಿನಲ್ಲಿರುವ ಅವಳ ಅತ್ತೆ ಈ ಲೆಕ್ಕವನ್ನು ಕೇಳಿ, "ಉಳಿದ ದಿನ ಸೊಸೆಗೆ ಆರಾಮ" ಎಂದು ನೆರೆಕರೆಯವರಲ್ಲಿ ಹೇಳಿಕೊಂಡದ್ದುಂಟು. ಸಕ್ರಿಸ್ತಿಯಲ್ಲಿ ನಾನಾಡಿದ ಮಾತೂ ಇದೇ ಅಲ್ಲವೇ?

ಮೊದಲ ಮಂಗಳವಾರ ನಾನು ಕಂಡದ್ದನ್ನು ಹೇಳುತ್ತೇನೆ. ಬೆಳಗ್ಗೆ ಆರೂಮುಕ್ಕಾಲಕ್ಕೆ ಆಕೆ ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೊರಟಳು, ಮಕ್ಕಳು ಮಲಗಿದ್ದರು. ಶಿಶುವಿಹಾರ ತೆರೆಯುವುದು ಎಂಟಕ್ಕೆ, ಮುಚ್ಚುವುದು ಆರಕ್ಕೆ. ಅವಳ ಪಾಳಿ ಶಿಶುವಿಹಾರ ತೆರೆಯುವ ಮುನ್ನ ಆರಂಭವಾಗಿ, ಅದು ಮುಚ್ಚಿ ಎರಡು ಗಂಟೆಯಾದ ಮೇಲೆ ಮುಗಿಯುತ್ತದೆ. ತಂದೆ ಒಂದು ಕೈಯಲ್ಲಿ ಮಗನನ್ನೂ ಇನ್ನೊಂದರಲ್ಲಿ ಮಗಳ ಪುಸ್ತಕದ ಚೀಲವನ್ನೂ ಹಿಡಿದು ಓಡಿದ. ಸಂಜೆ ಹಾಗೆಯೇ ಓಡಿಬಂದ. ಏಳಕ್ಕೆ ಜಪಸರ ಆರಂಭಿಸಿದೆವು. ಮೂರನೆಯ ರಹಸ್ಯದ ಹೊತ್ತಿಗೆ ಮಗು ತಂದೆಯ ತೊಡೆಯ ಮೇಲೆ ನಿದ್ರೆಹೋಯಿತು. ತಾಯಿ ಬಂದದ್ದು ಎಂಟೂವರೆಗೆ. ಸಮವಸ್ತ್ರದಲ್ಲಿಯೇ ಮಕ್ಕಳ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಆಸ್ಪತ್ರೆಯ ಬಟ್ಟೆ ಬದಲಿಸದೆ ಒಳಗೆ ಹೋಗಬಾರದೆಂಬುದು ಅವಳದೇ ನಿಯಮ.

ಎರಡು ವರ್ಷದ ಮಗುವಿಗೆ ದಿನಕ್ಕೆ ಹನ್ನೊಂದರಿಂದ ಹದಿನಾಲ್ಕು ಗಂಟೆ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಹಾಗಾದರೆ ಅದು ಎಚ್ಚರವಿರುವುದು ಹತ್ತರಿಂದ ಹದಿಮೂರು ಗಂಟೆ ಮಾತ್ರ, ಮತ್ತು ಆ ಗಂಟೆಗಳೆಲ್ಲ ಹಗಲಿನವು. ಹನ್ನೆರಡು ಗಂಟೆಯ ಪಾಳಿ ಮಗುವಿನ ಎಚ್ಚರದ ಮೇಲೆ ಮುಚ್ಚಳದ ಹಾಗೆ ಸರಿಯಾಗಿ ಕುಳಿತುಕೊಳ್ಳುತ್ತದೆ. ಎಂಟು ಗಂಟೆ ದುಡಿಯುವ ತಾಯಿ ಪ್ರತಿದಿನ ಬೆಳಗಿನ ಒಂದು ತುಣುಕನ್ನೂ ಸಂಜೆಯ ಒಂದು ತುಣುಕನ್ನೂ ಪಡೆಯುತ್ತಾಳೆ. ಈಕೆಗೆ ಮೂರು ದಿನ ಏನೂ ಇಲ್ಲ, ನಾಲ್ಕು ದಿನ ಎಲ್ಲವೂ. ಕೂಡಿಸಿ ನೋಡಿದರೆ ಗಂಟೆಗಳು ಹೆಚ್ಚೇ ಬರಬಹುದು. "ಮೂರು ದಿನ ನಾನು ಈ ಮನೆಗೆ ಅತಿಥಿ ಫಾದರ್" ಎಂದಳು. ಗುರುವಾರ ಅವಳಿಗೆ ರಜೆ. ಮಗು ಬಾಯಾರಿ ನೀರಿಗೆ ಅತ್ತಾಗ ಎದುರಿಗಿದ್ದ ತಾಯಿಯನ್ನು ದಾಟಿ ತಂದೆಯ ಬಳಿಗೆ ನಡೆಯಿತು. ಆಕೆ ಏನೂ ಆಡದೆ ಪಾತ್ರೆ ತೊಳೆಯುವುದನ್ನು ಮುಂದುವರಿಸಿದಳು. ಮಧ್ಯಾಹ್ನದ ಹೊತ್ತಿಗೆ ಮಗು ಅವಳ ಸೊಂಟ ಬಿಟ್ಟು ಇಳಿಯಲಿಲ್ಲವೆಂಬುದನ್ನೂ ಹೇಳಬೇಕು.

ಇನ್ನು ರಜೆಯ ದಿನ. ಎರಡು ಲಾಂಗ್ ಡೇ ಬೆನ್ನುಬೆನ್ನಿಗೆ ಮುಗಿದ ಮರುದಿನ ಕಾಲು ನೆಲಕ್ಕೂರುವುದಿಲ್ಲ. ವಾರದ ಬಟ್ಟೆ, ಸಾಮಾನು, ಬ್ಯಾಂಕು, ಹಲ್ಲಿನ ವೈದ್ಯರು ಎಲ್ಲವೂ ಆ ದಿನಕ್ಕಾಗಿಯೇ ಕಾದಿರುತ್ತವೆ. ಆರು ವರ್ಷದ ಮಗಳ ಪಾಲಿಗಂತೂ ತಾಯಿಯ ವಾರದ ನಡುವಿನ ರಜೆ ಅರ್ಧಕ್ಕರ್ಧ ವ್ಯರ್ಥ, ಏಕೆಂದರೆ ಅಂದು ಮಗಳಿಗೆ ಶಾಲೆ. ಅಡಕ ದುಡಿಮೆಯ ಹೆಚ್ಚಿನ ಲಾಭ ಶಾಲೆಗೆ ಹೋಗದ ಮಗುವಿಗೆ. ಅದರ ಹೆಚ್ಚಿನ ನಷ್ಟವೂ ಅದೇ ಮಗುವಿಗೆ. ಈ ವಿಚಿತ್ರವನ್ನು ಯಾವ ಸಂಸ್ಥೆಯ ಪ್ರಕಟಣೆಯಲ್ಲಿಯೂ ನಾನು ಓದಿಲ್ಲ.

ಸರಕಾರದ ಸಹಾಯ ಇಲ್ಲವೆಂದಲ್ಲ. 2025ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನಲ್ಲಿ ದುಡಿಯುವ ಅರ್ಹ ಹೆತ್ತವರ ಒಂಬತ್ತು ತಿಂಗಳು ತುಂಬಿದ ಮಕ್ಕಳಿಗೆ ವರ್ಷದ 38 ವಾರ, ವಾರಕ್ಕೆ 30 ಗಂಟೆಗಳ ಶಿಶುಪಾಲನೆಯ ವೆಚ್ಚವನ್ನು ಸರಕಾರವೇ ಭರಿಸುತ್ತದೆ. ಆದರೆ ಒಂದು ದಿನಕ್ಕೆ ಹತ್ತು ಗಂಟೆ ಮೀರುವಂತಿಲ್ಲ. ಕಾಯಂ ವಾಸದ ಅನುಮತಿ ದೊರೆತಿರುವ ಈ ಕುಟುಂಬಕ್ಕೆ ಆ ಸೌಲಭ್ಯ ಉಂಟು; ಆ ಅನುಮತಿಗಾಗಿ ಇನ್ನೂ ಕಾಯುತ್ತಿರುವ ಅವರ ಸ್ನೇಹಿತರಿಗೆ ಇಲ್ಲ. ಹತ್ತು ಗಂಟೆಗೂ ಹನ್ನೆರಡೂವರೆ ಗಂಟೆಗೂ ನಡುವಿನ ಆ ಎರಡೂವರೆ ಗಂಟೆಯಲ್ಲಿ ಮಗು ಯಾರ ಕೈಯಲ್ಲಿ? ಅಡಕ ದುಡಿಮೆಯ ಗುಟ್ಟೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ ಎಂಬುದು ನನ್ನ ತೀರ್ಮಾನ.

ಈ ಮನೆಯಲ್ಲಿ ಉತ್ತರ ಕೊಟ್ಟವನು ತಂದೆ. ಬ್ರಿಟನ್ನಿನಲ್ಲಿ 2003ರ ಏಪ್ರಿಲಿನಲ್ಲಿ ಆರು ವರ್ಷದೊಳಗಿನ ಮಕ್ಕಳ ಹೆತ್ತವರಿಗೆ ಕೆಲಸದ ವೇಳೆಯ ಬದಲಾವಣೆಯನ್ನು ಕೇಳುವ ಹಕ್ಕು ದೊರೆಯಿತು; 2014ರಲ್ಲಿ ಅದು ಎಲ್ಲ ನೌಕರರಿಗೂ ವಿಸ್ತರಿಸಿತು; 2024ರ ಏಪ್ರಿಲ್ 6ರಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳಬಹುದಾಯಿತು. ಕೇಳುವ ಹಕ್ಕೇ ಹೊರತು ಪಡೆಯುವ ಹಕ್ಕಲ್ಲ. ಮಾಲೀಕರು ವ್ಯವಹಾರದ ಕಾರಣ ನೀಡಿ ನಿರಾಕರಿಸಬಹುದು. ಈತ ವಾರಕ್ಕೆ ನಾಲ್ಕು ದಿನ ಕೇಳಿದ. ದೊರೆತದ್ದು ಎರಡು ವಾರಕ್ಕೆ ಒಂಬತ್ತು ದಿನ. ದಿನಕ್ಕೆ ಐವತ್ತು ನಿಮಿಷ ಹೆಚ್ಚು ದುಡಿದು, ಮಧ್ಯಾಹ್ನದ ಊಟವನ್ನು ಮೇಜಿನಲ್ಲಿಯೇ ಮುಗಿಸಿ, ಐದೂವರೆಗೆ ಶಿಶುವಿಹಾರದ ಬಾಗಿಲಲ್ಲಿರುತ್ತಾನೆ. ಎರಡು ವಾರಕ್ಕೊಮ್ಮೆ ಬುಧವಾರ ಅವನೊಬ್ಬನೇ ಮಕ್ಕಳೊಡನೆ. ಊರಿನಿಂದ ದೂರವಾಣಿಯಲ್ಲಿ ಅವನ ತಾಯಿ, "ಗಂಡಸು ಬುಧವಾರ ಮನೆಯಲ್ಲಿ ಕುಳಿತು ಏನು ಮಾಡುತ್ತಾನೆ?" ಎಂದು ಕೇಳಿದಾಗ ಆತ ಗಂಜಿ ಬಸಿಯುತ್ತಿದ್ದ. ಮಗುವಿಗೆ ಅದರ ನಿದ್ರೆಯ ಹಾಡು ಗೊತ್ತಿರುವುದು ತಂದೆಯ ದನಿಯಲ್ಲಿ. ಹಾಡಿನ ರಾಗ ಸ್ವಲ್ಪ ತಪ್ಪು. ಮಗುವಿಗೆ ಅದೇ ಸರಿ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಫ್ರಾನ್ಸಿನ ಬೆರ್ಗ್‌ಸೋನನ ಗ್ರಂಥವೊಂದು ನಮಗೆ ಪಠ್ಯವಾಗಿತ್ತು. 1907ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಆತ ಒಂದು ಲೋಟ ನೀರಿಗೆ ಸಕ್ಕರೆ ಹಾಕಿ ಕುಡಿಯಲು ಬಯಸುವವನ ಉದಾಹರಣೆ ಕೊಡುತ್ತಾನೆ. ಅವನು ಏನೇ ಮಾಡಲಿ, ಸಕ್ಕರೆ ಕರಗುವ ತನಕ ಕಾಯಲೇಬೇಕು. ಆ ಕಾಯುವಿಕೆಯ ಕಾಲ ಗಣಿತದ ಕಾಲವಲ್ಲ. ಅದನ್ನು ಹಿಗ್ಗಿಸಲಾಗದು, ಕುಗ್ಗಿಸಲಾಗದು, ಅದು ಅವನ ಬದುಕಿನದೇ ಒಂದು ಭಾಗ. ಇಪ್ಪತ್ತೆರಡರ ಹರೆಯದಲ್ಲಿ ಈ ಪುಟವನ್ನು ಕಂಠಪಾಠ ಮಾಡಿ ಒಳ್ಳೆಯ ಅಂಕ ಪಡೆದಿದ್ದೆ. ಅರ್ಥವಾದದ್ದು ಇಂಗ್ಲೆಂಡಿನ ಆ ಅಡುಗೆಮನೆಯಲ್ಲಿ. ದುಡಿಮೆಯ ಗಂಟೆಗಳು ಗಣಿತದ ಗಂಟೆಗಳು. ಅವನ್ನು ಮಂಗಳವಾರದಿಂದ ಕಿತ್ತು ಶುಕ್ರವಾರಕ್ಕೆ ನೆಡಬಹುದು. ಮಗುವಿನ ಗಂಟೆಗಳು ಸಕ್ಕರೆಯವು. "ನಾಳೆ ಇಡೀ ದಿನ ನಿನ್ನೊಡನೆ ಇರುತ್ತೇನೆ" ಎಂಬ ಮಾತು ಎರಡು ವರ್ಷದ ಮಗುವಿಗೆ ಸಾಂತ್ವನವಾಗದು, ಅದಕ್ಕೆ ನಾಳೆ ಎಂಬುದೇ ಇಲ್ಲ. ಕಾಲವನ್ನು ಮನಸ್ಸಿನ ಚಾಚುವಿಕೆಯಾಗಿ ಕಂಡ ಸಂತ ಅಗುಸ್ತೀನರು ನೆನಪು, ಗಮನ, ನಿರೀಕ್ಷೆ ಎಂಬ ಮೂರನ್ನು ಹೇಳಿದರು. ನಿರೀಕ್ಷೆ ಇನ್ನೂ ಮೊಳೆಯದ ಜೀವಕ್ಕೆ ಉಳಿದಿರುವುದು ಗಮನವೊಂದೇ.

ಆದರೂ ಆ ತಾಯಿಯನ್ನು ನಾನು ನೇರವಾಗಿ ಕೇಳಿದೆ: ಮತ್ತೊಮ್ಮೆ ಆರಿಸುವ ಅವಕಾಶ ಬಂದರೆ? ಇದನ್ನೇ ಆರಿಸುವೆ ಎಂದಳು. ದಿನಕ್ಕೆ ಎಂಟು ಗಂಟೆಯಾದರೆ ವಾರಕ್ಕೆ ಐದು ದಿನ ಶಿಶುವಿಹಾರ, ಐದು ದಿನ ಪ್ರಯಾಣ, ಐದು ದಿನ ಓಟ. ಈಗ ನಾಲ್ಕು ದಿನ ಮಗು ತನ್ನದು. ನಾನು ಮನಸ್ಸಿನಲ್ಲಿಯೇ ಸಿದ್ಧಪಡಿಸಿಟ್ಟುಕೊಂಡಿದ್ದ ಖಂಡನೆಯನ್ನು ಅಲ್ಲಿಯೇ ಮಡಿಸಿಟ್ಟೆ. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ. ಆದರೆ ಆಕೆ ಇಷ್ಟನ್ನು ಸೇರಿಸಿದಳು: "ಅವರು ಆ ಐವತ್ತು ನಿಮಿಷ ಹೊರದಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು."

ಈಗ ನಮ್ಮ ನಾಡಿಗೆ ಬರೋಣ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1919ರಲ್ಲಿ ತನ್ನ ಮೊಟ್ಟಮೊದಲ ಒಡಂಬಡಿಕೆಯಾಗಿ ಅಂಗೀಕರಿಸಿತು. ವಾರದ ಮಿತಿಯ ಜೊತೆಗೆ ದಿನದ ಮಿತಿಯನ್ನೂ ಅವರು ಇಟ್ಟದ್ದು ಸುಮ್ಮನಲ್ಲ. 2023ರಲ್ಲಿ ಕರ್ನಾಟಕವು ಕಾರ್ಖಾನೆ ಕಾಯಿದೆಗೆ ತಂದ ತಿದ್ದುಪಡಿಯು ವಾರದ 48 ಗಂಟೆಗಳ ಮಿತಿಯನ್ನು ಉಳಿಸಿಕೊಂಡು, ಕಾರ್ಮಿಕನ ಲಿಖಿತ ಒಪ್ಪಿಗೆಯ ಮೇರೆಗೆ ದಿನದ ದುಡಿಮೆಯನ್ನು ಹನ್ನೆರಡು ಗಂಟೆಗಳವರೆಗೆ ಏರಿಸಲು ದಾರಿ ತೆರೆಯಿತು. ಅದೇ ವರ್ಷ ತಮಿಳುನಾಡಿನ ವಿಧಾನಸಭೆಯೂ ಇಂಥದೇ ಮಸೂದೆಯನ್ನು ಏಪ್ರಿಲಿನಲ್ಲಿ ಅಂಗೀಕರಿಸಿತು. ಕಾರ್ಮಿಕರ ವಿರೋಧದಿಂದಾಗಿ ಮೇ 1ರಂದು ಅದನ್ನು ಹಿಂತೆಗೆದುಕೊಳ್ಳುವುದಾಗಿ ಮುಖ್ಯಮಂತ್ರಿಗಳು ಘೋಷಿಸಿದರು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವಾರದ 48 ಗಂಟೆಗಳ ಮಿತಿ ಅಲ್ಲಿಯೂ ಉಳಿದಿದೆ. ಬ್ರಿಟನ್ನಿನ 37.5 ಗಂಟೆಗೂ ನಮ್ಮ 48 ಗಂಟೆಗೂ ಇರುವ ಅಂತರವನ್ನು ಓದುಗರು ಮರೆಯಬಾರದು. 48ನ್ನು ನಾಲ್ಕರಿಂದ ಭಾಗಿಸಿದರೆ ಹನ್ನೆರಡು ಬರುತ್ತದೆ. ಅದಕ್ಕೆ ಬಸ್ಸಿನ ದಾರಿ ಬೇರೆ.

ಲಿಖಿತ ಒಪ್ಪಿಗೆ ಎಂಬ ಮಾತಿನ ಬಗ್ಗೆ ಒಂದು ಟಿಪ್ಪಣಿ. ನೀತಿಶಾಸ್ತ್ರದಲ್ಲಿ ಒಪ್ಪಿಗೆ ಎನಿಸಿಕೊಳ್ಳಬೇಕಾದರೆ ಒಪ್ಪದಿರುವ ದಾರಿಯೂ ತೆರೆದಿರಬೇಕು. ಸಾಲದ ಕಂತು ಕಟ್ಟಬೇಕಾದ ಮನೆಯಿಂದ ಬಂದವಳ ಮುಂದೆ ಕಾಗದ ಮತ್ತು ಪೆನ್ನು ಇಟ್ಟಾಗ ಅವಳು ಹಾಕುವ ಸಹಿ ಎಷ್ಟರಮಟ್ಟಿಗೆ ಒಪ್ಪಿಗೆ? ಸಿಂಹಾಸನವೇರಿದ ನಂತರ 1891ರಲ್ಲಿ ಕಾರ್ಮಿಕರ ಸ್ಥಿತಿಗತಿಯ ಬಗ್ಗೆ ವಿಶ್ವಪತ್ರ ಬರೆದ ಹದಿಮೂರನೆಯ ಲಿಯೋ ಜಗದ್ಗುರುಗಳು ಇದೇ ಪ್ರಶ್ನೆಯನ್ನು ಕೂಲಿಯ ಸಂಬಂಧವಾಗಿ ಎತ್ತಿದ್ದರು. ಕೆಲಸದ ವೇಳೆಯು ಕೆಲಸದ ಸ್ವರೂಪ, ಸ್ಥಳ, ಕಾಲ ಮತ್ತು ದುಡಿಯುವವನ ದೇಹಶಕ್ತಿಯನ್ನು ನೋಡಿ ನಿರ್ಧಾರವಾಗಬೇಕೆಂದರು. 1981ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಅದಕ್ಕೆ ಮನೆಯ ಬದುಕನ್ನೂ ಸೇರಿಸಿದರು.

ನಮ್ಮಲ್ಲಿ ಶಿಶುಪಾಲನೆಯ ಏರ್ಪಾಡುಗಳು ಎಂಟು ಗಂಟೆಯ ದಿನವನ್ನೂ ಪೂರ್ತಿಯಾಗಿ ತಲುಪುವುದಿಲ್ಲ. ಐವತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಬಹುದು ಎಂದು 2017ರ ತಿದ್ದುಪಡಿ ವಿಧಿಸಿತು. ಹೊಸ ಸಂಹಿತೆಯಲ್ಲಿಯೂ ಅದು ಸೇರಿದೆ. ಆದರೆ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುವವಳು ಹಾಲುಗೂಸನ್ನು ಹೊತ್ತು ತರುವಳೇ? ಅಂಗನವಾಡಿ ಸಂಜೆ ನಾಲ್ಕರ ಹೊತ್ತಿಗೆ ಮುಚ್ಚುತ್ತದೆ. ಅಲ್ಲಿಂದ ರಾತ್ರಿ ಎಂಟೂಮುಕ್ಕಾಲರವರೆಗಿನ ಹೊತ್ತನ್ನು ತುಂಬುವವರು ಅಜ್ಜಿ. ನಮ್ಮ ಅಜ್ಜಿಯಂದಿರ ಮೊಣಕಾಲುಗಳ ಮೇಲೆ ಎಷ್ಟು ಉದ್ಯಮಗಳು ನಿಂತಿವೆಯೆಂಬ ಲೆಕ್ಕವನ್ನು ಯಾವ ಇಲಾಖೆಯೂ ಇಟ್ಟಿಲ್ಲ. ಅಜ್ಜಿ ಇಲ್ಲದ ಮನೆಯಲ್ಲಿ ನೆರೆಮನೆ, ನೆರೆಮನೆಯೂ ಇಲ್ಲದಲ್ಲಿ ಮೊಬೈಲ್ ಫೋನ್.

ಹೊಸದಾಗಿ ವಿವಾಹವಾದವರು, ವಿವಾಹಕ್ಕೆ ಸಿದ್ಧರಾಗುತ್ತಿರುವವರು ನನ್ನ ಬಳಿಗೆ ಬಂದಾಗ ಈಗ ನಾನು ಕೇಳುವ ಪ್ರಶ್ನೆಗಳಲ್ಲಿ ಒಂದು ಹೆಚ್ಚಾಗಿದೆ. ಹಿಂದೆ, "ಇಬ್ಬರೂ ದುಡಿಯುತ್ತೀರಾ?" ಎಂದು ಕೇಳುತ್ತಿದ್ದೆ. ಈಗ, "ಸಂಜೆ ಐದರಿಂದ ಎಂಟರವರೆಗೆ ನಿಮ್ಮಲ್ಲಿ ಯಾರು ಮನೆಯಲ್ಲಿರುತ್ತೀರಿ?" ಎಂದು ಕೇಳುತ್ತೇನೆ. ಹೆಚ್ಚಿನ ವರಗಳು ವಧುವಿನ ಮುಖ ನೋಡುತ್ತಾರೆ. ಒಬ್ಬ ಮಾತ್ರ, ತನ್ನ ಅಂಗಡಿಯನ್ನು ಮಧ್ಯಾಹ್ನ ಮುಚ್ಚದೆ ಇದ್ದರೆ ಸಂಜೆ ಬೇಗ ಮುಚ್ಚಬಹುದು ಎಂದು ಬೆರಳು ಮಡಿಸಿ ಲೆಕ್ಕ ಹಾಕಿದ.

ಸಕ್ರಿಸ್ತಿಯ ಬಾಗಿಲಲ್ಲಿ ನಿಂತಿದ್ದ ಆ ತಾಯಿಯ ಮನೆಗೆ ಇಂಗ್ಲೆಂಡಿನಿಂದ ಮರಳಿದ ಮೇಲೆ ಹೋಗಿದ್ದೆ. ಕ್ಷಮೆ ಕೇಳುವುದು ನಮ್ಮಂಥವರಿಗೆ ಅಭ್ಯಾಸವಿಲ್ಲದ ವಿದ್ಯೆ. ಚಹಾದ ಎರಡನೆಯ ಲೋಟದವರೆಗೆ ಮಾತು ಬೇರೆಲ್ಲಿಯೋ ಸುತ್ತಾಡಿತು. ಆ ವಾರವೇ ಹೆತ್ತವರ ಸಭೆಯನ್ನು ಬುಧವಾರ ಸಂಜೆಯಿಂದ ಭಾನುವಾರದ ಎರಡನೆಯ ಪೂಜೆಯ ನಂತರಕ್ಕೆ ಬದಲಿಸಿದೆ. ಮೊದಲ ಸಭೆಗೆ ಆಕೆ ಬರಲಾಗಲಿಲ್ಲ; ಪಾಳಿಯ ಪಟ್ಟಿಯಲ್ಲಿ ಆ ಭಾನುವಾರ ಅವಳ ಹೆಸರಿತ್ತು. ಅವಳ ಗಂಡ ಬಂದಿದ್ದ, ದೊಡ್ಡ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಿಕ್ಕದನ್ನು ಹೆಗಲ ಮೇಲೆ ಹೊತ್ತು. ಸಭೆ ಅರ್ಧಕ್ಕೆ ಬಂದಾಗ ಆತ ಎದ್ದುನಿಂತು ಹೊರಡಲು ಅಪ್ಪಣೆ ಕೇಳಿದ. ಮಗುವನ್ನು ಈಗಲೇ ಮಲಗಿಸಬೇಕು ಫಾದರ್ ಎಂದ. ಮಧ್ಯಾಹ್ನ ಚೆನ್ನಾಗಿ ನಿದ್ರೆ ಮಾಡಿದರೆ ರಾತ್ರಿ ಅವಳು ಬಸ್ಸಿಳಿದು ಬರುವವರೆಗೆ ಎಚ್ಚರವಿರುತ್ತದೆ.